ಕಲ್ಲು ತಣ್ಣಗಾದದ್ದು ಯಾವಾಗ? ಸವೆದುಹೋದ ಬೆಟ್ಟಗಳ ಲೆಕ್ಕ

ಗ್ರಾನೈಟ್ ನೆಲದ ಮೇಲೆ ಹುಟ್ಟುವ ಕಲ್ಲಲ್ಲ. ಕರಗಿದ ಶಿಲಾಪಾಕ ಭೂಮಿಯ ಒಳಗೆ, ಕೆಲವು ಕಿಲೋಮೀಟರ್ ಆಳದಲ್ಲಿ, ಬಹಳ ನಿಧಾನವಾಗಿ ಆರಿದರೆ ಮಾತ್ರ ಅದು ಗ್ರಾನೈಟ್ ಆಗುತ್ತದೆ. ಆದರೂ ನಾವು ಹತ್ತಿ ನಿಲ್ಲಬಹುದಾದ ಗ್ರಾನೈಟ್ ಬೆಟ್ಟಗಳು ಜಗತ್ತಿನ ಎಷ್ಟೋ ಕಡೆ ಇವೆ. ಅಂದರೆ ಒಂದು ಕಾಲದಲ್ಲಿ ಅವುಗಳ ನೆತ್ತಿಯ ಮೇಲೆ ಕಿಲೋಮೀಟರುಗಟ್ಟಲೆ ಕಲ್ಲು ಇತ್ತು. ಈಗ ಅದಿಲ್ಲ. ಮಳೆ, ಹೊಳೆ, ಹಿಮನದಿ, ಭೂಕುಸಿತ ಎಲ್ಲ ಸೇರಿ ಅದನ್ನು ಪುಡಿಮಾಡಿ ಸಾಗಿಸಿಬಿಟ್ಟಿವೆ.

ಎಷ್ಟು ಕಲ್ಲು ಹೋಯಿತು? ಯಾವಾಗ ಹೋಯಿತು? ಒಂದೇ ವೇಗದಲ್ಲಿ ಹೋಯಿತಾ, ನಡುವೆ ಎಲ್ಲೋ ಜೋರಾಯಿತಾ? ಸವೆತದ ತೊಂದರೆಯೇ ಇದು: ಅದು ಜಾಸ್ತಿ ಕೆಲಸ ಮಾಡಿದಷ್ಟೂ ಸಾಕ್ಷಿ ಕಡಿಮೆಯಾಗುತ್ತದೆ. ಹೋದ ಕಲ್ಲನ್ನೇ ಕೇಳೋಣ ಎಂದರೆ ಅದು ಅಲ್ಲಿಲ್ಲ.

ಆದರೆ ಅದರ ಕೆಳಗಿದ್ದ ಕಲ್ಲು ಅಲ್ಲೇ ಇದೆ. ಮೇಲೆ ಹೊರೆ ಇದ್ದಾಗ ಅದು ಬಿಸಿಯಾಗಿತ್ತು. ಹೊರೆ ಸವೆದಂತೆಲ್ಲ ತಣ್ಣಗಾಯಿತು. ತಣ್ಣಗಾದದ್ದು ಯಾವಾಗ ಎಂಬುದನ್ನು ಆ ಕಲ್ಲಿನೊಳಗಿನ ಕೆಲವು ಪುಟ್ಟ ಹರಳುಗಳು ಬರೆದಿಟ್ಟುಕೊಂಡಿವೆ. ಆ ಬರಹವನ್ನು ಓದುವ ವಿದ್ಯೆಗೆ ಥರ್ಮೋಕ್ರೋನಾಲಜಿ ಎಂದು ಹೆಸರು. ಶಾಖದ ಮೂಲಕ ಕಾಲವನ್ನು ಅಳೆಯುವುದು ಎಂದು ಅದರ ಅರ್ಥ.

ಆಳ ಅಂದರೆ ಶಾಖ

ಭೂಮಿಯ ಒಳಗೆ ಇಳಿದಂತೆ ಬಿಸಿ ಏರುತ್ತದೆ. ಖಂಡಗಳ ಮೇಲ್ಪದರದಲ್ಲಿ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ನೆಲದ ಮೇಲೆ 10 ಡಿಗ್ರಿ ಇದ್ದು, ಕಿಲೋಮೀಟರಿಗೆ 30 ಡಿಗ್ರಿ ಏರಿದರೆ, 2 ಕಿಲೋಮೀಟರ್ ಆಳದಲ್ಲಿ 70 ಡಿಗ್ರಿ ಇರುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಲಿನ ಕಲ್ಲು ಸವೆದಾಗ ಕೆಳಗಿನ ಕಲ್ಲು ನೆಲಕ್ಕೆ ಹತ್ತಿರವಾಗುತ್ತದೆ. ಅದು ಜಾಗ ಬಿಟ್ಟು ಕದಲಬೇಕೆಂದೇನೂ ಇಲ್ಲ, ನೆಲವೇ ಅದರ ಕಡೆಗೆ ಇಳಿದು ಬರಬಹುದು. ಹೇಗಾದರೂ ಸರಿ, ಕಲ್ಲಿಗೂ ಗಾಳಿಗೂ ನಡುವಿನ ಅಂತರ ಕಡಿಮೆಯಾಯಿತು, ಕಲ್ಲು ತಣಿಯಿತು. ಹಾಗಾಗಿ ತಣಿದ ಸಮಯ ಗೊತ್ತಾದರೆ ಹೊರೆ ಹೋದ ಸಮಯವೂ ಗೊತ್ತಾದಂತೆ. ಇಡೀ ವಿದ್ಯೆ ನಿಂತಿರುವುದು ಇಷ್ಟರ ಮೇಲೆ. ಕಷ್ಟ ಇರುವುದು ಆ ಸಮಯವನ್ನು ಹಿಡಿಯುವುದರಲ್ಲಿ, ಮತ್ತು ಹಿಡಿದ ಮೇಲೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದರಲ್ಲಿ.

ಸೋರುವ ಗಡಿಯಾರ

ಗ್ರಾನೈಟಿನಂಥ ಕಲ್ಲುಗಳಲ್ಲಿ ಅಪಟೈಟ್, ಜಿರ್ಕಾನ್ ಎಂಬ ಖನಿಜಗಳ ಸಣ್ಣ ಹರಳುಗಳು ಇರುತ್ತವೆ. ಹೆಚ್ಚಿನವು ಕೂದಲೆಳೆಯಷ್ಟು ದಪ್ಪ. ಅವುಗಳೊಳಗೆ ಒಂದಿಷ್ಟು ಯುರೇನಿಯಂ, ಥೋರಿಯಂ ಸೇರಿಕೊಂಡಿರುತ್ತವೆ. ಇವು ತಮ್ಮಷ್ಟಕ್ಕೆ ತಾವೇ ಕ್ಷಯಿಸುತ್ತವೆ. ಯುರೇನಿಯಂ-238ರ ಒಂದು ಪರಮಾಣು ಹಂತ ಹಂತವಾಗಿ ಸೀಸವಾಗುವ ಹೊತ್ತಿಗೆ 8 ಆಲ್ಫಾ ಕಣಗಳನ್ನು ಹೊರಹಾಕುತ್ತದೆ. ಆಲ್ಫಾ ಕಣ ಅಂದರೆ ಹೀಲಿಯಂ ಪರಮಾಣುವಿನ ಬೀಜ. ಕ್ಷಯದ ವೇಗ ನಮಗೆ ನಿಖರವಾಗಿ ಗೊತ್ತು: ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾದರೆ ಹರಳಿನೊಳಗೆ ಎಷ್ಟು ಹೀಲಿಯಂ ಕೂಡಿದೆ, ಎಷ್ಟು ಯುರೇನಿಯಂ ಮತ್ತು ಥೋರಿಯಂ ಇವೆ ಎಂದು ಅಳೆದರೆ ವಯಸ್ಸು ಸಿಗಬೇಕು, ಅಲ್ವಾ?

20ನೇ ಶತಮಾನದ ಆರಂಭದಲ್ಲೇ ಅರ್ನೆಸ್ಟ್ ರುದರ್‌ಫರ್ಡ್ ಹೀಗೆ ಯೋಚಿಸಿದರು. ಹೀಲಿಯಂ ಅಳೆದು ಒಂದು ಖನಿಜಕ್ಕೆ ಸುಮಾರು 50 ಕೋಟಿ ವರ್ಷ ಎಂದು ಲೆಕ್ಕ ಹಾಕಿದರು. ಸ್ವಲ್ಪ ಹೀಲಿಯಂ ಹೊರಗೆ ಹೋಗಿರಬಹುದು, ಹಾಗಾಗಿ ನಿಜವಾದ ವಯಸ್ಸು ಇದಕ್ಕಿಂತ ಜಾಸ್ತಿಯೇ ಇದ್ದೀತು ಎಂಬುದೂ ಅವರಿಗೆ ತಿಳಿದಿತ್ತು. ಆ ಸೋರಿಕೆಯೇ ಮುಂದೆ ದೊಡ್ಡ ತಲೆನೋವಾಯಿತು. ಹೀಲಿಯಂ ವಯಸ್ಸು ಬೇರೆ ವಿಧಾನಗಳ ವಯಸ್ಸಿಗಿಂತ ಕಡಿಮೆ ಬರುತ್ತಿತ್ತು. ಕಲ್ಲಿನ ಹುಟ್ಟಿದ ದಿನ ಬೇಕಾಗಿದ್ದವರಿಗೆ ಇದು ಸೋರುವ ಕೊಡ. ಜನ ಅದನ್ನು ದಶಕಗಳ ಕಾಲ ಬದಿಗಿಟ್ಟರು.

1987ರಲ್ಲಿ ಪೀಟರ್ ಝೈಟ್ಲರ್ ಮತ್ತು ಸಂಗಡಿಗರು ಅದೇ ಸೋರಿಕೆಯನ್ನು ಇನ್ನೊಂದು ಕಡೆಯಿಂದ ನೋಡಿದರು. ಹೀಲಿಯಂ ಸುಮ್ನೆ ಸೋರುವುದಿಲ್ಲ. ಹರಳು ಬಿಸಿಯಾಗಿದ್ದಾಗ ಸೋರುತ್ತದೆ, ತಣ್ಣಗಾದ ಮೇಲೆ ಒಳಗೇ ನಿಲ್ಲುತ್ತದೆ. ಹಾಗಿದ್ದರೆ ಅಪಟೈಟಿನ ಹೀಲಿಯಂ ವಯಸ್ಸು ಕಲ್ಲು ಹುಟ್ಟಿದ ದಿನವನ್ನು ಹೇಳಬೇಕಿಲ್ಲ, ಕಲ್ಲು ತಣಿದ ದಿನವನ್ನು ಹೇಳುತ್ತಿರಬಹುದು ಎಂದು ಅವರು ಸೂಚಿಸಿದರು. ಈ ವಿಷಯದ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಘಟ್ಟ ಇದು. ದೋಷ ಎಂದು ಎಸೆದಿದ್ದರಲ್ಲೇ ಬೇಕಾದ ಮಾಹಿತಿ ಇತ್ತು. 1990ರ ದಶಕದಲ್ಲಿ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಕೆನ್ನೆತ್ ಫಾರ್ಲಿ ಮತ್ತು ಅವರ ತಂಡ ಪ್ರಯೋಗ ಮಾಡಿ, ಯಾವ ಶಾಖದಲ್ಲಿ ಎಷ್ಟು ಹೀಲಿಯಂ ಸೋರುತ್ತದೆ ಎಂದು ಅಳೆದು, ಇದನ್ನು ದಿನನಿತ್ಯ ಬಳಸಬಹುದಾದ ವಿಧಾನವಾಗಿ ಬೆಳೆಸಿತು.

ಸೋರುವುದು ನಿಂತು ಕೂಡಿಕೊಳ್ಳುವುದು ಶುರುವಾಗುವ ಶಾಖಕ್ಕೆ ‘ಮುಚ್ಚುವ ತಾಪಮಾನ’ ಎನ್ನುತ್ತಾರೆ. ಇದಕ್ಕೆ ಗಣಿತದ ಚೌಕಟ್ಟು ಕೊಟ್ಟವರು ಮಾರ್ಟಿನ್ ಡಾಡ್ಸನ್, 1973ರಲ್ಲಿ. ಅಪಟೈಟಿನ ಹೀಲಿಯಂಗೆ ಅದು ಸುಮಾರು 70 ಡಿಗ್ರಿ. ಬಾಗಿಲು ಪಟ್ಟನೆ ಮುಚ್ಚುತ್ತದೆ ಎಂದುಕೊಳ್ಳಬೇಡಿ. ಸುಮಾರು 80 ಡಿಗ್ರಿಗಿಂತ ಮೇಲೆ ಎಲ್ಲ ಸೋರಿಹೋಗುತ್ತದೆ, 40ಕ್ಕಿಂತ ಕೆಳಗೆ ಬಹುತೇಕ ಎಲ್ಲ ಉಳಿಯುತ್ತದೆ, ನಡುವೆ ಅರ್ಧಂಬರ್ಧ. ಕಲ್ಲು ಎಷ್ಟು ವೇಗವಾಗಿ ತಣಿಯಿತು, ಹರಳು ಎಷ್ಟು ದೊಡ್ಡದು ಎಂಬುದರ ಮೇಲೂ ಇದು ಬದಲಾಗುತ್ತದೆ.

ಹರಳಿನೊಳಗಿನ ಗೀರುಗಳು

ಇನ್ನೊಂದು ಗಡಿಯಾರದ ಗುರುತುಗಳನ್ನು, ಸ್ವಲ್ಪ ಉಪಾಯ ಮಾಡಿದರೆ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಯುರೇನಿಯಂ-238 ಸಾಮಾನ್ಯವಾಗಿ ಆಲ್ಫಾ ಕಣ ಬಿಟ್ಟು ಕ್ಷಯಿಸುತ್ತದೆ. ಆದರೆ ಸರಿಸುಮಾರು 20 ಲಕ್ಷಕ್ಕೆ ಒಂದು ಸಲ ಪರಮಾಣು ತಾನೇ ಎರಡು ಹೋಳಾಗಿ ಸಿಡಿಯುತ್ತದೆ. ಹೋಳುಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಹಾರಿದ ದಾರಿಯುದ್ದಕ್ಕೂ ಹರಳಿನ ಜೋಡಣೆ ಚದುರಿ ಒಂದು ಗೀರು ಉಳಿಯುತ್ತದೆ. ಇದೇ ವಿದಳನ ಜಾಡು, ಫಿಷನ್ ಟ್ರ್ಯಾಕ್.

ಗೀರು ಬಹಳ ಸಣ್ಣದು, ಹಾಗೇ ನೋಡಿದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದು. 1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಬಫರ್ಡ್ ಪ್ರೈಸ್, ರಾಬರ್ಟ್ ವಾಕರ್, ರಾಬರ್ಟ್ ಫ್ಲೈಶರ್ ಅದಕ್ಕೊಂದು ಉಪಾಯ ಕಂಡುಕೊಂಡರು. ಹರಳನ್ನು ಆಮ್ಲದಲ್ಲಿ ಅದ್ದಿದರೆ, ಹಾಳಾದ ಆ ಜಾಡನ್ನು ಆಮ್ಲ ಬೇಗ ಕೊರೆದು ಅಗಲ ಮಾಡುತ್ತದೆ. ಆಗ ಗೀರುಗಳು ಎದ್ದು ಕಾಣುತ್ತವೆ. ಈಗಲೂ ಅಪಟೈಟನ್ನು ನುಣುಪಾಗಿ ಉಜ್ಜಿ, ನೈಟ್ರಿಕ್ ಆಮ್ಲದಲ್ಲಿ ಸುಮಾರು 20 ಸೆಕೆಂಡ್ ಇಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದೇ ಗೀರು ಎಣಿಸುತ್ತಾರೆ. ಗೀರು ಜಾಸ್ತಿ ಇದ್ದಷ್ಟೂ ಕಾಲ ಜಾಸ್ತಿ. ಹರಳಿನಲ್ಲಿ ಯುರೇನಿಯಂ ಎಷ್ಟಿದೆ ಎಂಬುದೂ ತಿಳಿದಿರಬೇಕು. ಅದಕ್ಕೆ ಹರಳನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟು ಹೊಸ ಗೀರು ಮೂಡಿಸಿ ಹೋಲಿಸುತ್ತಾರೆ, ಇಲ್ಲವೇ ಲೇಸರಿನಿಂದ ಚೂರು ಆವಿಮಾಡಿ ನೇರವಾಗಿ ಅಳೆಯುತ್ತಾರೆ.

ಈ ಗಡಿಯಾರದ ನಿಜವಾದ ಸೊಗಸು ಇರುವುದು ಗೀರಿನ ಉದ್ದದಲ್ಲಿ. ಅಪಟೈಟಿನಲ್ಲಿ ಹೊಸ ಗೀರು ಸುಮಾರು 16 ಮೈಕ್ರೋಮೀಟರ್ ಉದ್ದ ಇರುತ್ತದೆ. ಕಲ್ಲು ಬಿಸಿಯಾದರೆ ಹರಳು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ. ಗೀರು ತುದಿಗಳಿಂದ ಕಿರಿದಾಗುತ್ತಾ ಬರುತ್ತದೆ. ಸುಮಾರು 120 ಡಿಗ್ರಿಗಿಂತ ಮೇಲೆ ಪೂರ್ತಿ ಅಳಿಸಿಹೋಗುತ್ತದೆ. 60ರಿಂದ 120 ಡಿಗ್ರಿ ನಡುವೆ ಭಾಗಶಃ ಕುಗ್ಗುತ್ತದೆ.

ಗೀರುಗಳು ಒಂದೇ ದಿನ ಹುಟ್ಟಿದವಲ್ಲ. ಹಳೆಯದು ಇದೆ, ಹೊಸದು ಇದೆ, ಪ್ರತಿಯೊಂದೂ ತಾನು ಹುಟ್ಟಿದ ಮೇಲೆ ಕಂಡ ಶಾಖವನ್ನು ಮಾತ್ರ ನೆನಪಿಟ್ಟಿರುತ್ತದೆ. ಎಲ್ಲ ಗೀರುಗಳೂ ಉದ್ದವಾಗಿದ್ದರೆ ಕಲ್ಲು ಬೇಗ ತಣಿದು ಹಾಗೇ ತಣ್ಣಗೆ ಉಳಿಯಿತು ಎಂದರ್ಥ. ಗಿಡ್ಡ ಗೀರು, ಉದ್ದ ಗೀರು ಬೆರೆತಿದ್ದರೆ ಕಲ್ಲು ಆ ನಡುವಿನ ಬಿಸಿಯಲ್ಲಿ ಬಹುಕಾಲ ತಂಗಿತ್ತು ಎಂದರ್ಥ. ಒಂದೇ ಒಂದು ಸಂಖ್ಯೆ ಕೊಡುವ ಗಡಿಯಾರಕ್ಕಿಂತ ಇದು ಎಷ್ಟೋ ಹೆಚ್ಚು ಹೇಳುತ್ತದೆ. ಕಚ್ಚಾ ತೈಲ ಹುಟ್ಟುವುದೂ ಬಹುತೇಕ ಇದೇ ಶಾಖದಲ್ಲಿ. ಹಾಗಾಗಿ ತೈಲ ಹುಡುಕುವವರು ಮೊದಲಿನಿಂದಲೂ ಈ ಗೀರುಗಳ ಮೇಲೆ ಆಸಕ್ತಿ ಇಟ್ಟಿದ್ದಾರೆ.

ಒಂದೇ ಕಲ್ಲು, ಹಲವು ಗಡಿಯಾರ

ಒಂದೊಂದು ಖನಿಜ ಒಂದೊಂದು ಶಾಖದಲ್ಲಿ ಲೆಕ್ಕ ಶುರುಮಾಡುತ್ತದೆ. ಅಭ್ರಕದ ಜಾತಿಯ ಬಯೊಟೈಟಿನಲ್ಲಿ ಆರ್ಗಾನ್ ಅನಿಲ ಸುಮಾರು 300 ಡಿಗ್ರಿಗೆ ನಿಲ್ಲುತ್ತದೆ. ಜಿರ್ಕಾನಿನ ಗೀರುಗಳು ಸುಮಾರು 240ಕ್ಕೆ, ಜಿರ್ಕಾನಿನ ಹೀಲಿಯಂ ಸುಮಾರು 180ಕ್ಕೆ, ಅಪಟೈಟಿನ ಗೀರು 110ರ ಆಸುಪಾಸಿನಲ್ಲಿ, ಅಪಟೈಟಿನ ಹೀಲಿಯಂ 70ಕ್ಕೆ. ಕಲ್ಲು ಮೇಲಕ್ಕೆ ಬರುತ್ತಾ ಒಂದೊಂದೇ ಮೆಟ್ಟಿಲು ದಾಟುತ್ತದೆ, ಪ್ರತಿ ಮೆಟ್ಟಿಲಲ್ಲೂ ಒಂದು ಗಡಿಯಾರ ಓಡಲು ತೊಡಗುತ್ತದೆ.

ಊಹಿಸಿದ ಒಂದು ಕಲ್ಲನ್ನು ತೆಗೆದುಕೊಳ್ಳಿ. ಅದರ ಜಿರ್ಕಾನ್ ಹೀಲಿಯಂ ವಯಸ್ಸು 4 ಕೋಟಿ ವರ್ಷ. ಅಪಟೈಟ್ ಗೀರಿನ ವಯಸ್ಸು 1.2 ಕೋಟಿ ವರ್ಷ. ಅಪಟೈಟ್ ಹೀಲಿಯಂ ವಯಸ್ಸು 90 ಲಕ್ಷ ವರ್ಷ. ಮೊದಲ 70 ಡಿಗ್ರಿ ಇಳಿಯಲು 2.8 ಕೋಟಿ ವರ್ಷ ಹಿಡಿಯಿತು. ಮುಂದಿನ 40 ಡಿಗ್ರಿಗೆ ಬರೀ 30 ಲಕ್ಷ ವರ್ಷ. ತಣಿಯುವ ವೇಗ ಸುಮಾರು ಐದು ಪಟ್ಟು ಹೆಚ್ಚಿತು. ಸುಮಾರು 1.2 ಕೋಟಿ ವರ್ಷದ ಹಿಂದೆ ಅಲ್ಲಿ ಏನೋ ಆಯಿತು. ಬೆಟ್ಟ ಎದ್ದಿತಾ, ಹವಾಮಾನ ಬದಲಾಯಿತಾ, ನದಿ ದಾರಿ ಬದಲಿಸಿತಾ? ಅದನ್ನು ಗಡಿಯಾರ ಹೇಳುವುದಿಲ್ಲ. ಎಲ್ಲಿ ಹುಡುಕಬೇಕು ಎಂದು ಮಾತ್ರ ತೋರಿಸುತ್ತದೆ.

ವಯಸ್ಸಿನಿಂದ ವೇಗಕ್ಕೆ

ಈಗ ಮೊದಲಿನ ಲೆಕ್ಕಕ್ಕೆ ಬರೋಣ. 70 ಡಿಗ್ರಿ ಇರುವುದು 2 ಕಿಲೋಮೀಟರ್ ಆಳದಲ್ಲಿ. ನೆಲದ ಮೇಲೆ ಸಿಕ್ಕಿದ ಕಲ್ಲಿನ ಅಪಟೈಟ್ ಹೀಲಿಯಂ ವಯಸ್ಸು 1 ಕೋಟಿ ವರ್ಷ. ಅಂದರೆ 1 ಕೋಟಿ ವರ್ಷದಲ್ಲಿ 2 ಕಿಲೋಮೀಟರ್ ಕಲ್ಲು ಹೋಗಿದೆ. ವರ್ಷಕ್ಕೆ 0.2 ಮಿಲಿಮೀಟರ್, ಐದು ವರ್ಷಕ್ಕೆ ಒಂದು ಮಿಲಿಮೀಟರ್. ಮೊದಲ ಅಂದಾಜಿಗೆ ಇಷ್ಟು ಸಾಕು.

ಆದರೆ ಈ ಲೆಕ್ಕ ಒಂದು ವಿಷಯವನ್ನು ಸುಮ್ಮನೆ ಒಪ್ಪಿಕೊಂಡುಬಿಟ್ಟಿದೆ. ಕಿಲೋಮೀಟರಿಗೆ 30 ಡಿಗ್ರಿ ಎಂಬುದು ಸದಾ ಹಾಗೇ ಇತ್ತು ಎಂದು. ಸವೆತ ಜೋರಾದಾಗ ಬಿಸಿ ಕಲ್ಲು ಆರುವ ಮೊದಲೇ ನೆಲದ ಹತ್ತಿರ ಬಂದುಬಿಡುತ್ತದೆ. ಆಗ 70 ಡಿಗ್ರಿ ಮಟ್ಟವೂ ಮೇಲಕ್ಕೆ ಏರುತ್ತದೆ, 2 ಕಿಲೋಮೀಟರ್ ಬದಲು 1 ಕಿಲೋಮೀಟರ್ ಆಳದಲ್ಲೇ ಸಿಗಬಹುದು. ಹಳೆಯ ಲೆಕ್ಕ ಹಾಕಿದರೆ ಸವೆತವನ್ನು ಎರಡು ಪಟ್ಟು ಹೆಚ್ಚು ಎಂದು ತಪ್ಪಾಗಿ ಹೇಳಿಬಿಡುತ್ತೇವೆ. ಅದಕ್ಕೇ ಈಗ ಶಾಖದ ಹರಿವು, ಸವೆತ, ಬೆಟ್ಟ ಕಣಿವೆಗಳ ಆಕಾರ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳಿವೆ. ಜೀನ್ ಬ್ರಾನ್ 2003ರಲ್ಲಿ ಪ್ರಕಟಿಸಿದ ಪೆಕ್ಯೂಬ್ ಅವುಗಳಲ್ಲಿ ಹೆಸರಾದದ್ದು.

ಇನ್ನೊಂದು ದಾರಿ ಸರಳ. ಕಡಿದಾದ ಒಂದು ಬೆಟ್ಟದ ಬುಡದಿಂದ ತುದಿಯವರೆಗೆ ಬೇರೆ ಬೇರೆ ಎತ್ತರದಲ್ಲಿ ಕಲ್ಲು ಆಯುವುದು. ತುದಿಯ ಕಲ್ಲು ಮೊದಲು ತಣಿದಿರುತ್ತದೆ, ಬುಡದ್ದು ಆಮೇಲೆ. ಹಾಗಾಗಿ ಮೇಲೆ ಹೋದಂತೆ ವಯಸ್ಸು ಹೆಚ್ಚುತ್ತದೆ. 1,000 ಮೀಟರ್ ಎತ್ತರದ ಅಂತರಕ್ಕೆ 50 ಲಕ್ಷ ವರ್ಷದ ಅಂತರ ಬಂದರೆ, ಸವೆತ 50 ಲಕ್ಷ ವರ್ಷಕ್ಕೆ 1,000 ಮೀಟರ್. ಶಾಖದ ಏರಿಕೆ ಎಷ್ಟಿತ್ತು ಎಂದು ಊಹಿಸುವ ಗೋಜು ಇಲ್ಲಿ ಬಹಳ ಮಟ್ಟಿಗೆ ತಪ್ಪುತ್ತದೆ.

ಇದರ ಅತಿ ಸುಂದರ ಉದಾಹರಣೆ ಅಲಾಸ್ಕಾದ ಡೆನಾಲಿ, ಉತ್ತರ ಅಮೆರಿಕದ ಅತಿ ಎತ್ತರದ ಶಿಖರ, 6,190 ಮೀಟರ್. ಪಾಲ್ ಫಿಟ್ಜೆರಾಲ್ಡ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಖರದ ಹತ್ತಿರದಿಂದ ಸುಮಾರು 2,000 ಮೀಟರ್ ಎತ್ತರದವರೆಗೆ ಕಲ್ಲು ಆಯ್ದಿದ್ದರು. ಶಿಖರದ ಬಳಿ ಅಪಟೈಟ್ ಗೀರಿನ ವಯಸ್ಸು 1.6 ಕೋಟಿ ವರ್ಷ. ಕೆಳಗೆ ಸುಮಾರು 40 ಲಕ್ಷ ವರ್ಷ. ವಯಸ್ಸನ್ನೂ ಎತ್ತರವನ್ನೂ ಒಂದು ನಕ್ಷೆಯಲ್ಲಿ ಬರೆದರೆ ಗೆರೆ ನೇರವಾಗಿಲ್ಲ. ಸುಮಾರು 4,500 ಮೀಟರಿನಲ್ಲಿ, ಸುಮಾರು 60 ಲಕ್ಷ ವರ್ಷದ ಬಳಿ, ಥಟ್ಟನೆ ಬಾಗುತ್ತದೆ. ಬಾಗಿನ ಮೇಲಿನ ಕಲ್ಲುಗಳಲ್ಲಿ ಗಿಡ್ಡ ಗೀರುಗಳು ಬೆರೆತಿವೆ, ಅವು ಆ ನಡುವಿನ ಬಿಸಿಯಲ್ಲಿ ಬಹುಕಾಲ ಕಾದಿದ್ದವು. ಕೆಳಗಿನವುಗಳಲ್ಲಿ ಉದ್ದ ಗೀರುಗಳು, ಅವು ಬೇಗ ಬೇಗ ತಣಿದವು. ಹಿಂದೆ ಕಿಲೋಮೀಟರುಗಟ್ಟಲೆ ಆಳದಲ್ಲಿದ್ದ, ಗೀರು ಪೂರ್ತಿ ಅಳಿಸಿಹೋಗುವ ಆ ಮಟ್ಟ ಈಗ ಆಕಾಶದಲ್ಲಿ 4,500 ಮೀಟರಿನಲ್ಲಿ ನಿಂತಿದೆ. ಅಲಾಸ್ಕಾ ಶ್ರೇಣಿಯ ಆ ಭಾಗ ಬೇಗ ಏಳಲು, ಬೇಗ ಸವೆಯಲು ತೊಡಗಿದ್ದು ಸುಮಾರು 60 ಲಕ್ಷ ವರ್ಷದ ಹಿಂದೆ ಎಂದು ಒಂದು ಬೆಟ್ಟದ ಮೈಯಿಂದಲೇ ಗೊತ್ತಾಯಿತು.

ಗಡಿಯಾರ ಹೇಳದೇ ಇರುವುದು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಏಕೆಂದರೆ ಓದುಗರು ಇರಲಿ, ಪರಿಣತರೂ ಇಲ್ಲಿ ಎಡವಿದ್ದಾರೆ. ತಣಿದ ವಯಸ್ಸು ಬೆಟ್ಟ ಎಷ್ಟು ಎತ್ತರಕ್ಕೆ ಎದ್ದಿತು ಎಂದು ಹೇಳುವುದಿಲ್ಲ. ಕಲ್ಲು ನೆಲಕ್ಕೆ ಎಷ್ಟು ಹತ್ತಿರವಾಯಿತು ಎಂದಷ್ಟೇ ಹೇಳುತ್ತದೆ. ಒಂದು ಇಡೀ ಪ್ರಸ್ಥಭೂಮಿ 3 ಕಿಲೋಮೀಟರ್ ಮೇಲೆದ್ದರೂ, ಮೇಲಿನ ಕಲ್ಲು ಸವೆಯದಿದ್ದರೆ, ಒಳಗಿನ ಹರಳುಗಳಿಗೆ ಅದು ಗೊತ್ತೇ ಆಗುವುದಿಲ್ಲ. 1990ರಲ್ಲಿ ಫಿಲಿಪ್ ಇಂಗ್ಲೆಂಡ್ ಮತ್ತು ಪೀಟರ್ ಮೋಲ್ನಾರ್ ಈ ಗೊಂದಲವನ್ನು ಬಿಡಿಸಿಟ್ಟರು. ನೆಲ ಏಳುವುದು ಬೇರೆ, ಕಲ್ಲು ಏಳುವುದು ಬೇರೆ, ಕಲ್ಲು ಬಯಲಿಗೆ ಬರುವುದು ಬೇರೆ ಎಂದರು. ಡೆನಾಲಿಯಲ್ಲೂ ‘ಎದ್ದಿತು’ ಎಂದು ಹೇಳಲು ಬೇರೆ ಪುರಾವೆಗಳನ್ನೂ ಸೇರಿಸಬೇಕಾಯಿತು.

ತಣಿಯಲು ಸವೆತವೇ ಕಾರಣ ಎಂದೂ ಇಲ್ಲ. ಭೂಮಿಯ ಮೇಲ್ಪದರ ಎಳೆದು ಹಿಗ್ಗಿದಾಗ ಸ್ತರಭಂಗದ, ಅಂದರೆ ಕಲ್ಲು ಬಿರಿದು ಜಾರುವ ಸೀಳಿನ, ಮೇಲಿನ ಭಾಗ ಪಕ್ಕಕ್ಕೆ ಜಾರಿಹೋಗುತ್ತದೆ, ಕೆಳಗಿನ ಕಲ್ಲು ಸವೆತವಿಲ್ಲದೆಯೇ ಹೊರಗೆ ಬರುತ್ತದೆ. ಲಾವಾ ಹರಿದ ಕಡೆ ತಣಿದ ವಯಸ್ಸು ಅಂದರೆ ಲಾವಾ ಆರಿದ ದಿನವೇ. ಕಾಡ್ಗಿಚ್ಚು ಕೂಡ ಬಂಡೆಯ ಹೊರಮೈಯ ಹರಳುಗಳಿಂದ ಹೀಲಿಯಂ ಓಡಿಸಬಲ್ಲದು. ಅದಕ್ಕೇ ಮಾದರಿ ಆಯುವವರು ಬಂಡೆಯ ಹೊರಪದರವನ್ನು ಬಿಟ್ಟು ಒಳಗಿನ ಭಾಗ ತೆಗೆದುಕೊಳ್ಳುವುದು ಒಳ್ಳೆಯದು.

ಪ್ರಯೋಗಾಲಯದ ತೊಡಕುಗಳೂ ಇವೆ. ಆಲ್ಫಾ ಕಣ ಹುಟ್ಟಿದ ಜಾಗದಿಂದ ಸುಮಾರು 20 ಮೈಕ್ರೋಮೀಟರ್ ಹಾರಿ ನಿಲ್ಲುತ್ತದೆ. ಹರಳಿನ ಅಂಚಿನಲ್ಲಿ ಹುಟ್ಟಿದ್ದು ಹೊರಗೇ ಬಿದ್ದುಹೋಗಬಹುದು, ಅದಕ್ಕೆ ತಿದ್ದುಪಡಿ ಮಾಡಬೇಕು. ಅಪಟೈಟಿನೊಳಗೆ ಕಣ್ಣಿಗೆ ಬೀಳದ ಒಂದು ಚೂರು ಜಿರ್ಕಾನ್ ಸೇರಿದ್ದರೂ ಹೀಲಿಯಂ ಲೆಕ್ಕ ತಪ್ಪುತ್ತದೆ. ಒಂದೇ ಕಲ್ಲಿನ ನಾಲ್ಕು ಹರಳು ನಾಲ್ಕು ವಯಸ್ಸು ಕೊಡುವುದು ಹೊಸಬರನ್ನು ಬಹಳ ಕಾಡುತ್ತದೆ. ಇದಕ್ಕೆ ಒಂದು ಕಾರಣ 2000ದ ದಶಕದಲ್ಲಿ ಸ್ಪಷ್ಟವಾಯಿತು. ಯುರೇನಿಯಂ ಜಾಸ್ತಿ ಇರುವ ಹರಳಿನಲ್ಲಿ ವಿಕಿರಣದಿಂದ ಆದ ಗಾಯಗಳೂ ಜಾಸ್ತಿ. ಆ ಗಾಯಗಳು ಹೀಲಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಅಂಥ ಹರಳಿನ ಗಡಿಯಾರ 70 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲೇ ಓಡಲು ತೊಡಗುತ್ತದೆ. ವಯಸ್ಸುಗಳ ಚೆದುರಾಟವನ್ನು ತಪ್ಪು ಎಂದು ಎಸೆಯುವ ಬದಲು, ಒಂದೇ ಕಲ್ಲಿನಲ್ಲಿ ಹಲವು ಗಡಿಯಾರ ಸಿಕ್ಕವು ಎಂದು ಈಗ ಓದುತ್ತಾರೆ. ಇಲ್ಲೂ ಮತ್ತೆ ಅದೇ ಕಥೆ ನೋಡಿ, ರುದರ್‌ಫರ್ಡ್ ಕಾಲದ ಸೋರಿಕೆಯ ಹಾಗೆ.

ಕಣಿವೆಯ ವಯಸ್ಸು

ಒಟ್ಟಾರೆ ಎಷ್ಟು ಸವೆಯಿತು ಎಂಬುದು ಒಂದು ಪ್ರಶ್ನೆ. ಈ ಕಣಿವೆ, ಈ ಶಿಖರ, ಈ ಆಕಾರ ಯಾವಾಗ ಬಂತು ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಇದಕ್ಕೆ ಕಡಿಮೆ ಶಾಖದ ಗಡಿಯಾರವೇ ಬೇಕು. ಏಕೆಂದರೆ ನೆಲದ ಏರುತಗ್ಗಿನ ಪ್ರಭಾವ ಆಳಕ್ಕೆ ಹೋದಂತೆ ಮಾಸುತ್ತದೆ. 70 ಡಿಗ್ರಿಯ ಮಟ್ಟ ಇನ್ನೂ ಸ್ವಲ್ಪ ಮಟ್ಟಿಗೆ ನೆಲದ ಆಕಾರವನ್ನು ಹಿಂಬಾಲಿಸುತ್ತದೆ. ಬೆಟ್ಟದ ಏಣಿನ ಅಡಿ ಮೇಲಕ್ಕೆ ಉಬ್ಬುತ್ತದೆ, ಕಣಿವೆಯ ಅಡಿ ಕೆಳಕ್ಕೆ ತಗ್ಗುತ್ತದೆ.

ಹಾಗಾದರೆ ಒಂದೇ ಎತ್ತರದಲ್ಲಿ ಸಾಲಾಗಿ ಕಲ್ಲು ಆಯ್ದರೆ? ಕಲ್ಲು ತಣಿಯುವಾಗಲೇ ದೊಡ್ಡ ಕಣಿವೆ ಇದ್ದಿದ್ದರೆ, ಕಣಿವೆಯ ಕಲ್ಲು ಮೊದಲೇ ತಣಿದಿರಬೇಕು, ಏಣಿನ ಅಡಿಯದ್ದು ತಡವಾಗಿ. ಕಣಿವೆ ಆಮೇಲೆ ಬಂದದ್ದಾದರೆ ಎಲ್ಲದರ ವಯಸ್ಸೂ ಒಂದೇ ಬರಬೇಕು. ಮಾರ್ತಾ ಹೌಸ್, ಬ್ರಯಾನ್ ವರ್ನಿಕಿ, ಕೆನ್ನೆತ್ ಫಾರ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಶ್ರೇಣಿಯಲ್ಲಿ ಇದನ್ನೇ ಮಾಡಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ದೊಡ್ಡ ಕಣಿವೆಗಳ ಕಡೆಯ ಕಲ್ಲುಗಳ ತಣಿದ ವಯಸ್ಸೇ ಹೆಚ್ಚು. ಅಂದರೆ 7 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕಾಲದಲ್ಲೇ, ಅಲ್ಲಿ ಎತ್ತರದ ಬೆಟ್ಟ, ಆಳದ ಕಣಿವೆ ಇದ್ದವು. ಆ ಶ್ರೇಣಿ ಇತ್ತೀಚೆಗೆ ಎದ್ದದ್ದು ಎಂದು ನಂಬಿದ್ದವರಿಗೆ ಇದು ದೊಡ್ಡ ಸವಾಲು.

ಗ್ರ್ಯಾಂಡ್ ಕ್ಯಾನಿಯನ್ ಕಥೆ ಇನ್ನೂ ಬಿಸಿಯಾದದ್ದು. ಬಹುಕಾಲದ ಅಭಿಪ್ರಾಯ ಏನೆಂದರೆ ಕೊಲರಾಡೊ ನದಿ ಅದನ್ನು ಕಳೆದ 50ರಿಂದ 60 ಲಕ್ಷ ವರ್ಷಗಳಲ್ಲಿ ಕೊರೆಯಿತು ಎಂಬುದು. ಕ್ಯಾನಿಯನ್ ಪಶ್ಚಿಮಕ್ಕೆ ತೆರೆದುಕೊಳ್ಳುವ ಜಾಗದ ಹಳೆಯ ಕೆಸರಿನ ಪದರಗಳಲ್ಲಿ, ಸುಮಾರು 60 ಲಕ್ಷ ವರ್ಷಕ್ಕೆ ಮುಂಚೆ, ಆ ನದಿಯ ಗುರುತೇ ಇಲ್ಲ. ಆದರೆ 2012ರಲ್ಲಿ ರೆಬೆಕಾ ಫ್ಲವರ್ಸ್ ಮತ್ತು ಫಾರ್ಲಿ, ಪಶ್ಚಿಮ ಭಾಗದ ಅಪಟೈಟ್ ಅಳೆದು, ಅಲ್ಲಿನ ಕಣಿವೆ 7 ಕೋಟಿ ವರ್ಷದ ಹಿಂದೆಯೇ ಈಗಿನ ಆಳಕ್ಕೆ ಕೆಲವೇ ನೂರು ಮೀಟರ್ ಕಡಿಮೆ ಇತ್ತು ಎಂದರು. 2014ರಲ್ಲಿ ಕಾರ್ಲ್ ಕಾರ್ಲ್‌ಸ್ಟ್ರಾಮ್ ಮತ್ತು ಸಂಗಡಿಗರು ಇದನ್ನು ಒಪ್ಪದೆ ಬೇರೆ ಚಿತ್ರ ಕೊಟ್ಟರು. ಕ್ಯಾನಿಯನ್ ಒಂದೇ ತುಂಡಲ್ಲ, ನಡುವಿನ ಒಂದು ಭಾಗ 5ರಿಂದ 7 ಕೋಟಿ ವರ್ಷ ಹಳೆಯದು, ಪೂರ್ವದ ಒಂದು ಭಾಗ 1.5ರಿಂದ 2.5 ಕೋಟಿ ವರ್ಷದ್ದು, ಎರಡು ತುದಿಗಳು ಮಾತ್ರ ಕಳೆದ 50-60 ಲಕ್ಷ ವರ್ಷದಲ್ಲಿ ಕೊರೆದವು. ನದಿ ಬಂದು ಹಳೆಯ ತುಂಡುಗಳನ್ನು ಜೋಡಿಸಿಕೊಂಡಿತು ಎಂದರು.

ಒಂದೇ ವಿಧಾನ, ಬಹುತೇಕ ಒಂದೇ ಜಾಗ, ಉತ್ತರ ಬೇರೆ ಬೇರೆ. ಇದರಿಂದ ವಿಧಾನದ ಮೇಲೆ ನಂಬಿಕೆ ಕಳೆದುಕೊಳ್ಳಬೇಕಿಲ್ಲ. ಜಗಳ ಇರುವುದು ಅಳತೆಗಿಂತ ಹೆಚ್ಚಾಗಿ ಅದನ್ನು ಓದುವುದರಲ್ಲಿ. ಕಲ್ಲು ತಣಿದಿದೆ, ಸರಿ. ಅದು ಕಣಿವೆ ಕೊರೆದದ್ದರಿಂದ ತಣಿಯಿತಾ, ಇಡೀ ಪ್ರದೇಶದ ಮೇಲ್ಪದರ ಹರಡಿ ಸವೆದದ್ದರಿಂದ ತಣಿಯಿತಾ? ವಿಕಿರಣದ ಗಾಯವನ್ನು ಲೆಕ್ಕಕ್ಕೆ ಹೇಗೆ ಸೇರಿಸಬೇಕು? ಈ ಆಯ್ಕೆಗಳ ಮೇಲೆ ಉತ್ತರ ತಿರುಗುತ್ತದೆ. ಕೆಸರಿನ ಪುರಾವೆಯನ್ನೂ ಒಟ್ಟಿಗೆ ಹೊಂದಿಸುವ ಎರಡನೇ ಚಿತ್ರವೇ ನನಗೆ ಹೆಚ್ಚು ಒಪ್ಪುತ್ತದೆ. ಹರಳು ಎಷ್ಟೇ ನಿಖರವಾಗಿದ್ದರೂ ನದಿಯ ಕೆಸರನ್ನು ಕಡೆಗಣಿಸಲಾಗದು.

ಹಿಮನದಿಗಳ ಕೆಲಸವನ್ನು ಹಿಡಿಯಲು ಇನ್ನೂ ನಾಜೂಕಾದ ವಿಧಾನ ಬಂತು. ಹರಳಿನೊಳಗೆ ಹೀಲಿಯಂ ಒಟ್ಟು ಎಷ್ಟಿದೆ ಎಂಬುದರ ಜೊತೆಗೆ ಎಲ್ಲೆಲ್ಲಿ ಇದೆ ಎಂದೂ ನೋಡುವುದು. ಬೇಗ ತಣಿದ ಹರಳಿನಲ್ಲಿ ಅದು ಅಂಚಿನ ಹತ್ತಿರದವರೆಗೂ ಸಮವಾಗಿ ಇರುತ್ತದೆ, ನಿಧಾನವಾಗಿ ತಣಿದಿದ್ದರಲ್ಲಿ ಅಂಚಿನ ಕಡೆ ಸೋರಿ ನಡುವೆ ಉಬ್ಬಿರುತ್ತದೆ. ಡೇವಿಡ್ ಶುಸ್ಟರ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಕೆನಡಾದ ಪಶ್ಚಿಮ ಕರಾವಳಿಯ ಬೆಟ್ಟಗಳ ಒಂದು ಕಣಿವೆಗೆ ಬಳಸಿದರು. ಸುಮಾರು 18 ಲಕ್ಷ ವರ್ಷದ ಹಿಂದೆ ಹಿಮನದಿಗಳು ಆ ಕಣಿವೆಯನ್ನು ಥಟ್ಟನೆ ಕನಿಷ್ಠ 2 ಕಿಲೋಮೀಟರ್ ಆಳಕ್ಕೆ ಕೊರೆದವು ಎಂದು ತಿಳಿಯಿತು. ಹಿಮಯುಗಗಳು ಭೂಮಿಯ ಮುಖವನ್ನು ಎಷ್ಟು ಬದಲಿಸಿದವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಆದರೆ ಒಂದು ಕಣಿವೆಯ ಮಾತು ಇಡೀ ಜಗತ್ತಿಗೆ ಹೊಂದುತ್ತದಾ? 2013ರಲ್ಲಿ ಫ್ರೆಡರಿಕ್ ಹರ್ಮನ್ ಮತ್ತು ಸಂಗಡಿಗರು ಜಗತ್ತಿನಾದ್ಯಂತದ ಸುಮಾರು 18,000 ವಯಸ್ಸುಗಳನ್ನು ಒಟ್ಟುಗೂಡಿಸಿದರು. ಕಳೆದ 60 ಲಕ್ಷ ವರ್ಷಗಳಲ್ಲಿ, ಅದರಲ್ಲೂ ಕಳೆದ 20 ಲಕ್ಷ ವರ್ಷಗಳಲ್ಲಿ, ಬೆಟ್ಟಗಳ ಸವೆತ ಎಲ್ಲೆಡೆ ಹೆಚ್ಚಿದೆ ಎಂದರು. 2018ರಲ್ಲಿ ಟೇಲರ್ ಶಿಲ್ಡ್‌ಗೆನ್ ಮತ್ತು ಸಂಗಡಿಗರು ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದರು. ಸ್ತರಭಂಗದ ಎರಡು ಕಡೆಯ, ಬೇರೆ ಬೇರೆ ವೇಗದಲ್ಲಿ ಸವೆದ ಕಲ್ಲುಗಳನ್ನು ಒಂದೇ ಗುಂಪಿಗೆ ಸೇರಿಸಿದಾಗ, ಜಾಗದ ವ್ಯತ್ಯಾಸವೇ ಕಾಲದ ವ್ಯತ್ಯಾಸದಂತೆ ಕಾಣುತ್ತದೆ, ಹೆಚ್ಚಿನ ಕಡೆ ಆದದ್ದು ಅದೇ ಎಂದು ವಾದಿಸಿದರು. ಚರ್ಚೆ ಆಮೇಲೂ ಮುಂದುವರಿಯಿತು. ಹವಾಮಾನ ಬೆಟ್ಟಗಳನ್ನು ಎಷ್ಟರ ಮಟ್ಟಿಗೆ ಆಳುತ್ತದೆ ಎಂಬ ದೊಡ್ಡ ಪ್ರಶ್ನೆ ಇದರ ಹಿಂದಿದೆ.

ಹೋದ ಕಲ್ಲು ಪೂರ್ತಿ ಹೋಗಿಲ್ಲ

ಹೋದ ಕಲ್ಲನ್ನು ಕೇಳಲಾಗದು ಎಂದು ಮೊದಲು ಹೇಳಿದೆ. ಅದು ಅರ್ಧ ಮಾತ್ರ ನಿಜ. ಕಲ್ಲು ಬೆಟ್ಟದ ಮೇಲಿಲ್ಲ, ಆದರೆ ಮರಳಾಗಿ ಬೇರೆ ಕಡೆ ಇದೆ. ನದಿಯ ದಡದಲ್ಲಿ, ಬೆಟ್ಟದ ತಪ್ಪಲಿನ ಪದರಗಳಲ್ಲಿ, ಸಮುದ್ರದ ತಳದಲ್ಲಿ. ಆ ಮರಳಿನೊಳಗಿನ ಜಿರ್ಕಾನ್, ಅಪಟೈಟ್ ಕಾಳುಗಳು ತಮ್ಮ ಗಡಿಯಾರವನ್ನು ಜೊತೆಗೇ ತಂದಿರುತ್ತವೆ.

ಒಂದು ಮರಳುಗಲ್ಲಿನ ಪದರ 1 ಕೋಟಿ ವರ್ಷದ ಹಿಂದೆ ಕೂಡಿದ್ದು ಎಂದಿಟ್ಟುಕೊಳ್ಳಿ. ಅದರೊಳಗಿನ ಜಿರ್ಕಾನ್ ತಣಿದದ್ದು 1.2 ಕೋಟಿ ವರ್ಷದ ಹಿಂದೆ. ನಡುವಿನ 20 ಲಕ್ಷ ವರ್ಷದಲ್ಲಿ ಆ ಕಾಳು ಆಳದಿಂದ ನೆಲಕ್ಕೆ ಬಂದು, ಕಳಚಿಕೊಂಡು, ನದಿಯಲ್ಲಿ ಉರುಳಿ, ಇಲ್ಲಿ ನಿಂತಿತು. ಈ ಅಂತರ ಕಡಿಮೆ ಇದ್ದಷ್ಟೂ ಆ ಕಾಲದ ಸವೆತ ಜೋರು. ಒಂದರ ಮೇಲೊಂದು ಇರುವ ಪದರಗಳಲ್ಲಿ ಈ ಅಂತರವನ್ನು ಅಳೆಯುತ್ತಾ ಹೋದರೆ, ಈಗ ಇಲ್ಲದ ಬೆಟ್ಟ ಯಾವಾಗ ಬೇಗ ಸವೆಯಿತು, ಯಾವಾಗ ನಿಧಾನಿಸಿತು ಎಂದು ಕಾಲಾನುಕ್ರಮದಲ್ಲಿ ಸಿಗುತ್ತದೆ. ಮಣ್ಣಿನಡಿ ಹೂತ ಮೇಲೆ ಪದರ ಮತ್ತೆ ಬಿಸಿಯಾಗಿರಬಾರದು, ಅಷ್ಟೇ.

ಹಿಮಾಲಯದ ಪೂರ್ವ ತುದಿಯಲ್ಲಿ ನಮ್ಚಾ ಬರ್ವಾ ಶಿಖರದ ಸುತ್ತ ಬ್ರಹ್ಮಪುತ್ರ ಚೂಪಾಗಿ ತಿರುಗಿ ಆಳದ ಕಮರಿಯಲ್ಲಿ ಧುಮುಕುತ್ತದೆ. ಪಶ್ಚಿಮ ತುದಿಯಲ್ಲಿ 8,126 ಮೀಟರ್ ಎತ್ತರದ ನಂಗಾ ಪರ್ಬತ್ ಪಕ್ಕದಲ್ಲಿ ಸಿಂಧೂ ಹರಿಯುತ್ತದೆ. ಎರಡೂ ಕಡೆ ಕಲ್ಲಿನ ತಣಿದ ವಯಸ್ಸು 10 ಲಕ್ಷ ವರ್ಷಕ್ಕೂ ಕಡಿಮೆ ಬರುತ್ತದೆ. ಕಲ್ಲುಗಳ ಲೋಕದಲ್ಲಿ ಇದು ನಿನ್ನೆ ಮೊನ್ನೆ. ನದಿ ಅಷ್ಟು ಜೋರಾಗಿ ಕೊರೆದಾಗ ಭೂಮಿಯ ಮೇಲ್ಪದರ ಅಲ್ಲಿ ತೆಳುವಾಗಿ, ಬಿಸಿಯಾಗಿ, ಮೆದುವಾಗುತ್ತದೆ, ಆಗ ಕೆಳಗಿನಿಂದ ಇನ್ನಷ್ಟು ಕಲ್ಲು ಆ ಜಾಗಕ್ಕೇ ಉಕ್ಕಿ ಬರುತ್ತದೆ ಎಂದು ಝೈಟ್ಲರ್ ಮತ್ತು ಸಂಗಡಿಗರು 2001ರಲ್ಲಿ ಸೂಚಿಸಿದರು. ಸೋರುವ ಹೀಲಿಯಂನಲ್ಲಿ ಅರ್ಥ ಕಂಡ ಅದೇ ಝೈಟ್ಲರ್. ನದಿ ಬೆಟ್ಟವನ್ನು ಕೆಡವುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಇಲ್ಲಿ ನದಿಯೇ ಬೆಟ್ಟವನ್ನು ಎತ್ತಲು ನೆರವಾಗುತ್ತಿರಬಹುದು.

ನಮ್ಚಾ ಬರ್ವಾದ ಕೆಳಗೆ ಬ್ರಹ್ಮಪುತ್ರದ ಮರಳನ್ನು ಬಾಚಿ ಜಿರ್ಕಾನ್ ಗೀರು ಎಣಿಸಿದವರಿಗೆ ಹೀಗೆ ಬಹಳ ಎಳೆಯ ವಯಸ್ಸಿನ ಕಾಳುಗಳು ದಂಡಿಯಾಗಿ ಸಿಕ್ಕವು. ಆ ನದಿ ಹಿಮಾಲಯ ಬಿಟ್ಟು ಬಯಲಿಗೆ ಬರುವಾಗ ಹೊತ್ತು ತರುವ ಮರಳು ಮಣ್ಣಿನಲ್ಲಿ ಅಂದಾಜು ಅರ್ಧದಷ್ಟು, ತನ್ನ ಇಡೀ ಜಲಾನಯನದ ಬಹಳ ಚಿಕ್ಕ ಪಾಲಾದ ಆ ಒಂದು ಮೂಲೆಯಿಂದಲೇ ಬರುತ್ತದೆ. ಉಳಿದ ಕಥೆ ಬಂಗಾಳ ಕೊಲ್ಲಿಯ ತಳದಲ್ಲಿದೆ. ಹಿಮಾಲಯದಿಂದ ಸವೆದ ಕಲ್ಲು ಅಲ್ಲಿ ಜಗತ್ತಿನ ಅತಿ ದೊಡ್ಡ ಕಡಲಡಿಯ ಕೆಸರು ಬೀಸಣಿಗೆಯಾಗಿ ಹರಡಿದೆ. 2015ರಲ್ಲಿ ಅಂತರರಾಷ್ಟ್ರೀಯ ಸಾಗರ ಶೋಧ ಯೋಜನೆಯ ಹಡಗು ಅಲ್ಲಿ ನಿಂತು, ಒಂದರ ಪಕ್ಕ ಒಂದರಂತೆ ಹಲವು ಕಡೆ ಕೊರೆದು, ಉದ್ದುದ್ದ ಕೆಸರಿನ ಕಂಬಗಳನ್ನು ಮೇಲೆತ್ತಿತು. ಶಿಖರದ ಮೇಲೆ ಒಂದು ಕಾಲದಲ್ಲಿ ಇದ್ದ ಕಲ್ಲು ಆ ಕಂಬಗಳಲ್ಲಿ ತಲೆಕೆಳಗಾಗಿ ಜೋಡಣೆಯಾಗಿದೆ: ಮೊದಲು ಸವೆದದ್ದು ಅಡಿಯಲ್ಲಿ, ಆಮೇಲೆ ಸವೆದದ್ದು ಅದರ ಮೇಲೆ.